ಇಳಿದ ಮಾಳಿಗೆಯವರದೇ ಹಕ್ಕಿ

ಅಫಜಲಪುರ
೧೯ ಮೇ ೨೦೨೪, ಭಾನುವಾರ

ಗೆಳೆಯ ಮಸೂದನಿಗೆ ಮಾಳಿಂಗಪ್ಪನ ನಮಸ್ಕಾರ.

ಈಗ ಎಲ್ಲರೂ ಕರೆಯುವಂತೆ 'ಉಸ್ತಾದ ಮಸೂದ' ಎಂದು ಬರೆಯಲು ಹೋದೆ, ಪೆನ್ನು ಮುಂದೆ ಸರಿಯಲಿಲ್ಲ. ಎರಡು ಓಣಿ ಆಚೆ ಇರುವವನಿಗೆ ಕಾಗದ ಬರೆದಿದ್ದಾನಲ್ಲ, ಇವನಿಗೆ ಬಿಸಿಲು ತಲೆಗೇರಿದೆ ಎಂದು ನಿನ್ನ ಮನೆಯಾಕೆ ಮಿನಾಜ ನಗಬಹುದು. ನಗಲಿ. ನಿನ್ನ ಸಂಗಡ ಮಾತಾಡುವುದಿಲ್ಲವೆಂದು ಓಣಿಯ ನಡುವೆ ನಿಂತು, ಸುತ್ತಲಿನ ಕಿಟಕಿಗಳೆಲ್ಲ ತೆರೆಯುವ ದನಿಯಲ್ಲಿ ಆಣೆ ಮಾಡಿದವನು ನಾನು. ಬರೆಯುವುದಿಲ್ಲವೆಂದು ಎಲ್ಲಿಯೂ ಹೇಳಿಲ್ಲ. ಪಾರಿವಾಳದ ಪಂದ್ಯ ಮುಗಿದ ಮರುದಿನವೇ ಬರೆಯಬೇಕಿತ್ತು. ಬರೆದೆ, ಹರಿದು ಹಾಕಿದೆ. ಅದರಲ್ಲಿ ಬೈಗುಳ ಬಿಟ್ಟರೆ ಸುದ್ದಿಯೇ ಇರಲಿಲ್ಲ. ತಡವಾದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಮ್ಮ ಕಡೆ ಎಲ್ಲ ಕ್ಷೇಮ. ನನ್ನ ಹೆಂಡತಿ ಮಹಾನಂದಾಳ ಮೊಣಕಾಲು ನೋವು ಇಳಿದಿದೆ, ನಾಲಿಗೆ ಇಳಿದಿಲ್ಲ. ಬೂದು ಜೋಡಿ ಮತ್ತೆ ಮೊಟ್ಟೆ ಇಟ್ಟಿದೆ. ನಾಟಕದ ಕಂಪನಿ ಮುಚ್ಚಿದಾಗ ಅದರ ಮುರುಕು ಕಟ್ಟಿಗೆ ಹೊತ್ತು ತಂದು ನಾವಿಬ್ಬರೂ ಕಟ್ಟಿದ ಗೂಡು ಇನ್ನೂ ಗಟ್ಟಿಯಾಗಿದೆ. ಅದರ ಬಾಗಿಲಿನ ಮೇಲೆ ಬಣ್ಣದಲ್ಲಿ ಬರೆದ ಅರಮನೆಯ ಅರ್ಧ ಕಂಬ ಇಂದಿಗೂ ಕಾಣುತ್ತದೆ. ಉಳಿದರ್ಧ ಬೆಕ್ಕು ಕೆರೆದು ಹೋಯಿತು.

ನೀನು ಈಗ ಹಕ್ಕಿ ಪಳಗಿಸಲು ಹೋಗುವ ಸತೀಶಕುಮಾರ ಸಾಹುಕಾರರ ಮಾಳಿಗೆಯ ಕಡೆ ನಾನು ನೋಡುವುದಿಲ್ಲ. ನೀರಿನ ಟಾಕಿಯ ಮೇಲೆ ಹತ್ತಿ ನಿಂತರೆ ಅದು ತಾನೇ ಕಾಣುತ್ತದೆ. ಹೈದರಾಬಾದಿನಿಂದ ಕೊಂಡು ತಂದ ಹಕ್ಕಿಗಳಿಗೆ ಅಲ್ಲಿ ಫ್ಯಾನು ತಿರುಗುತ್ತದೆ, ಬಾದಾಮಿ ನೆನೆಯುತ್ತದೆ, ಡಾಕ್ಟರು ಕಾರಿನಲ್ಲಿ ಬರುತ್ತಾರೆ. ನಮ್ಮ ಹಕ್ಕಿಗಳಿಗೆ ಜೋಳ, ಅದೂ ಮಹಾನಂದಾ ಅತ್ತ ತಿರುಗಿದಾಗ. ಇದನ್ನೆಲ್ಲ ತಡೆದುಕೊಂಡೇನು. ನಿನಗೆ ಕೊಟ್ಟಿರುವ ಆ ಗಿರಗಿರ ತಿರುಗುವ ಕುರ್ಚಿ ಇದೆಯಲ್ಲ, ಅದರ ಮೇಲೊಂದು ದೊಡ್ಡ ಛತ್ರಿ ಬೇರೆ, ಅದನ್ನು ಕಂಡಾಗ ನನ್ನ ಹೊಟ್ಟೆಯೊಳಗೆ ಒಲೆ ಹತ್ತುತ್ತದೆ. ಕಂಪನಿಯಲ್ಲಿ ಚಕ್ರವರ್ತಿಯ ಪಾತ್ರ ಮಾಡಿದಾಗಲೂ ನಾನು ಕುಳಿತದ್ದು ಸೋಡಾ ಪೆಟ್ಟಿಗೆಯ ಮೇಲೆ.

ಈಗ ಪಂದ್ಯದ ಮಾತಿಗೆ ಬರುತ್ತೇನೆ. ನೀನು ನೋಡಿದ್ದು ಸಾಹುಕಾರರ ಮಾಳಿಗೆಯಿಂದ, ನನ್ನ ಮಾಳಿಗೆಯ ದೃಶ್ಯ ನಿನಗೆ ಗೊತ್ತಿಲ್ಲ.

ಆಳಂದ, ಜೇವರ್ಗಿಯಿಂದಲೂ ಜನ ಬಂದಿದ್ದರು. ಎಲ್ಲರೂ ಬೆಳಗಾಗುತ್ತಲೇ ಹಕ್ಕಿ ಬಿಟ್ಟೆವು. ಕತ್ತಲಾಗುವುದರೊಳಗೆ ತನ್ನ ಮಾಳಿಗೆಗೆ ಎಲ್ಲಕ್ಕಿಂತ ಕಡೆಗೆ ಇಳಿದದ್ದು ಗೆದ್ದಂತೆ. ನಮ್ಮ ಕಡೆಯಿಂದ ಬಿಳಿಯ ಹೆಣ್ಣು ಹಕ್ಕಿ, ಕಾಶಿಬಾಯಿ. ಕಂಪನಿಯ ನಾಯಕಿಯ ಹೆಸರನ್ನು ಅವಳಿಗೆ ಇಟ್ಟ ದಿನದಿಂದ ಮಹಾನಂದಾ ಅವಳಿಗೆ ಒಂದು ಕಾಳು ಹಾಕಿಲ್ಲವೆಂಬುದು ನಿನಗೆ ಗೊತ್ತೇ ಇದೆ. ಬಿಸಿಲು ಏರಿದಂತೆ ಬಾದಾಮಿ ತಿಂದವು ಒಂದೊಂದಾಗಿ ಇಳಿದವು. ಸಂಜೆಯ ಹೊತ್ತಿಗೆ ಆಕಾಶದಲ್ಲಿ ಇಬ್ಬರೇ. ಸಾಹುಕಾರರ ತಾಮ್ರ ಬಣ್ಣದ ಗಂಡು, ನಮ್ಮ ಕಾಶಿಬಾಯಿ. ಗಂಡು ಸೋತು ತೂಗಾಡುತ್ತಿತ್ತು. ಅವಳು ಆಗ ತಾನೇ ರಂಗಕ್ಕೆ ಬಂದವಳಂತೆ ಮೇಲೆ ಮೇಲೆ ಹೋಗುತ್ತಿದ್ದಳು.

ಆಗ ನೀನು ಸೀಟಿ ಹೊಡೆದೆ.

ತಾಮ್ರದ ಗಂಡು ನಿಮ್ಮ ಮಾಳಿಗೆಗೆ ಇಳಿಯಿತು. ಅದರ ಬೆನ್ನ ಹಿಂದೆಯೇ ಕಾಶಿಬಾಯಿಯೂ ತಿರುಗಿದಳು. ಮರಿಯಿದ್ದಾಗಿನಿಂದ ಅದೇ ಸೀಟಿಗೆ ಕಾಳು ತಿಂದು ಬೆಳೆದವಳು, ತಿರುಗದೆ ಏನು ಮಾಡಿಯಾಳು? ನಮ್ಮ ಮಾಳಿಗೆಯ ಮೇಲೆ ತೀರ್ಪು ಹೇಳುವ ಪಂಚರಾಗಿ ಕುಳಿತಿದ್ದ ಖಾದರಸಾಬರ ಎದುರು ನಾನು ಗುಡುಗಿದೆ.

"ಇದು ಮೋಸ ಅದರಿ. ಅವ ನನ್ನ ಹಕ್ಕೀನ ಕರ್ಯಾಕತ್ತಾನ."

"ಅವ ತನ್ನ ಹಕ್ಕೀನ ಕರದಾನ್ರಿ ಮಾಳಿಂಗಪ್ಪ. ಸೀಟಿ ಹೊಡಿಬ್ಯಾಡ ಅನ್ನಾಕ ಎಲ್ಲೂ ಕಾಯದಾ ಇಲ್ಲ. ನೀವೂ ಹೊಡೀರಿ, ಯಾರು ಬ್ಯಾಡ ಅಂದಾರ?"

ನಾನು ಹೇಗೆ ಹೊಡೆಯಲಿ? ಮುಂದಿನ ಹಲ್ಲು ಗದಾಯುದ್ಧದ ದೃಶ್ಯದಲ್ಲಿ ಹೋದವು. ಕಡೆಯ ಸಾಲಿನವರೆಗೆ ಮುಟ್ಟುವ ನನ್ನ ದನಿಯನ್ನೆಲ್ಲ ಕೂಡಿಸಿ 'ಕಾಶಿಬಾಯೀ' ಎಂದು ಕೂಗಿದೆ. ಬೆಚ್ಚಿದವಳು ಇನ್ನಷ್ಟು ಬೇಗ ನಿನ್ನ ಛತ್ರಿಯ ಮೇಲೆ ಹೋಗಿ ಕುಳಿತಳು. ಕೆಳಗಿನಿಂದ ಮಹಾನಂದಾ ಅಂದಳು: "ಓಡಿಹೋದ್ಳೇನ್ರಿ ನಿಮ್ಮ ಕಾಶಿಬಾಯಿ? ಹೋಗ್ಲಿ ಬಿಡ್ರಿ, ದೊಡ್ಡ ಮನಿ ಸೇರ್ಯಾಳ." ಖಾದರಸಾಬರೂ ನಕ್ಕರು. ಬೇರೆಯವರ ಮಾಳಿಗೆಗೆ ಇಳಿದವಳು ಲೆಕ್ಕಕ್ಕಿಲ್ಲ, ಬಹುಮಾನ ತಾಮ್ರದ ಗಂಡಿಗೆ ಹೋಯಿತು.

ಹೋಗಲಿ. ಇಳಿದ ಮಾಳಿಗೆಯವರದೇ ಹಕ್ಕಿ, ನಮ್ಮ ಆಟದ ಕಟ್ಟಳೆ ಅದು. ನಾವಿಬ್ಬರೂ ಎಷ್ಟು ಜನರ ಹಕ್ಕಿ ಹಿಡಿದು ಇಟ್ಟುಕೊಂಡಿಲ್ಲ? ಹಿಂದಕ್ಕೆ ಕೊಡುತ್ತಿದ್ದುದು ಆಟ ಹೊಸದಾಗಿ ಕಲಿಯುವವರಿಗೆ ಮಾತ್ರ, ಅವರು ಅಳಬಾರದೆಂದು. ಮರುದಿನ ಬೆಳಿಗ್ಗೆ ಸಾಹುಕಾರರ ಡ್ರೈವರ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಮಿರಿಮಿರಿ ಪಂಜರ, ಒಳಗೆ ಕಾಶಿಬಾಯಿ, ಬಟ್ಟಲಲ್ಲಿ ಬಾದಾಮಿ.

"ಉಸ್ತಾದರು ಕಳಿಸ್ಯಾರ್ರಿ. ಪಂಜರಾನೂ ನೀವೇ ಇಟ್ಕೋಬೇಕಂತ."

ನಾನು ಅಳುತ್ತಿದ್ದೆನೆಂದು ನಿನಗೆ ಯಾರು ಹೇಳಿದರೋ?

ಈ ಕಾಗದದ ಸಂಗಡ ಕಾಶಿಬಾಯಿಯನ್ನು ನಮ್ಮ ಹಳೆಯ ಬುಟ್ಟಿಯಲ್ಲಿ ಮಹಾನಂದಾ ತರುತ್ತಾಳೆ. ಪಂಜರವೂ ಬರುತ್ತದೆ. ಬಾದಾಮಿ ಮಾತ್ರ ಬರುವುದಿಲ್ಲ, ಅದನ್ನು ಮಹಾನಂದಾ ತಿಂದಳು. ಕಟ್ಟಳೆಯಂತೆ ಹಕ್ಕಿ ನಿನ್ನದು. ಇಟ್ಟುಕೊಂಡರೆ ನಾವು ಸಮಸಮ ಎದುರಾಳಿಗಳು, ಬರುವ ವರ್ಷ ಆಕಾಶದಲ್ಲಿ ನೋಡಿಕೊಳ್ಳೋಣ. ಕೊಡುವುದೇ ಆದರೆ ಡ್ರೈವರನ ಕೈಯಲ್ಲಿ ಬೇಡ. ನಮ್ಮ ನಿಚ್ಚಣಿಕೆ ಹತ್ತಿ ಬಂದು ನಿನ್ನ ಕೈಯಿಂದಲೇ ಗೂಡಿಗೆ ಬಿಡು. ಮುರಿದ ಮೆಟ್ಟಿಲು ಯಾವುದೆಂದು ನಿನಗೆ ಗೊತ್ತು. ನಾನು ಮಾತಾಡುವುದಿಲ್ಲ, ಆಣೆ ಇದೆ. ಚಹಾ ಕೊಡುವುದಿಲ್ಲವೆಂದು ಆಣೆ ಇಲ್ಲ.

ನಿನ್ನ ಗೂಡಿನ ಮೇಲೆ ಗಿಡುಗನ ನೆರಳು ಬೀಳದಿರಲಿ. ಮಿನಾಜಳಿಗೆ, ಮಕ್ಕಳಿಗೆ ದೇವರು ಆಯುಷ್ಯ ಕೊಡಲಿ. ನಿನಗೂ ಕೊಡಲಿ, ಕುರ್ಚಿಗೆ ಬೇಡ.

ಇಂತಿ ನಿನ್ನ
ಮಾಳಿಂಗಪ್ಪ

ತಾ.ಕ.: ಮಹಾನಂದಾ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆದು ಮುಗಿಸುತ್ತೇನೆ. ಆ ಸಂಜೆ ಸೀಟಿ ಕೇಳಿ ಕಾಶಿಬಾಯಿ ತಿರುಗುವ ಮೊದಲೇ ನಾನು ತಿರುಗಿದ್ದೆ. ಇಷ್ಟು ವರ್ಷ ಕೆಳಗೆ ಚಹಾ ತಂದಿಟ್ಟು ನೀನು ನನ್ನನ್ನು ಕರೆದದ್ದೂ ಅದೇ ಸೀಟಿಯಿಂದ. ಒಂದು ಕಾಲು ನಿಚ್ಚಣಿಕೆಯ ಮೇಲೆ ಇಟ್ಟೂಬಿಟ್ಟಿದ್ದೆ, "ಎಲ್ಲಿಗಿ ಹೊಂಟ್ರಿ?" ಎಂದು ಖಾದರಸಾಬರು ಕೇಳಿದ ಮೇಲೆ ನೀನು ಈಗ ಕೆಳಗಿಲ್ಲವೆಂದು ನೆನಪಾಯಿತು. ಸಾಹುಕಾರರು ನಮ್ಮ ಮಾಳಿಗೆ ಹತ್ತಿ ಬಂದ ದಿನ ನಾನೂ ಅಲ್ಲೇ ನೀರಿನ ಬಟ್ಟಲು ಹಿಡಿದು ನಿಂತಿದ್ದೆ. ತಮ್ಮ ಮಾಳಿಗೆಗೆ ಬರುತ್ತೀಯಾ ಎಂದು ಅವರು ನನ್ನನ್ನು ಕೇಳಲಿಲ್ಲ, ನಿನ್ನನ್ನು ಕೇಳಿದರು. ಅದು ಸರಿಯೇ, ಹಕ್ಕಿ ಪಳಗಿಸುವ ಕೈ ನಿನ್ನದು. ನಾನು ನಿನ್ನ ಬಾಯಿ ನೋಡುತ್ತಿದ್ದೆ. 'ಬರ್ತೇವ್ರಿ' ಎಂದು ನನ್ನನ್ನೂ ಸೇರಿಸಿ ನೀನು ಅಂದಿದ್ದರೆ ನಾನು ಬಟ್ಟಲು ಕೆಳಗಿಟ್ಟು, ಎದೆ ಉಬ್ಬಿಸಿ, 'ಮಾಳಿಂಗಪ್ಪ ಯಾರ ಮಾಳಿಗಿಗೂ ಬರಂಗಿಲ್ಲ' ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೆ. ಮಾತು ತುಟಿಯ ಮೇಲೆ ತಯಾರಿತ್ತು. ನೀನು 'ಬರ್ತೇನ್ರಿ' ಅಂದೆ.