ಒಂದು ಗುರುತು, ಮೂರು ಹೊತ್ತು

೩ ಆಗಸ್ಟ್ ೧೯೪೩, ಮಂಗಳವಾರ

ಬೆಡ್‌ಪ್ಯಾನ್ ತೊಳೆದು, ಹಾಸಿಗೆ ಬದಲಿಸಿ, ಸಿಸ್ಟರ್ ಕೈಲಿ ಬೈಸಿಕೊಂಡು... ಅಷ್ಟರಲ್ಲಿ ಚಹಾ ತಣ್ಣಗೆ. ನರ್ಸಿಂಗ್ ಕಲಿಯುವವರ ಪಾಡು ಎಂದಿನ ಹಾಗೆ.

ಮಧ್ಯಾಹ್ನ ಹೊಸ ಕೇಸು. ಶಿವಲಿಂಗವ್ವ. ನನಗಿಂತ ಸಣ್ಣವಳು. ಚೊಚ್ಚಲ ಹೆರಿಗೆ, ಗಂಡನ ಮನೆಯಲ್ಲೇ ಆಗಿದ್ದು — ತವರಲ್ಲಿ ಹೆತ್ತವ್ವ ಇಲ್ಲವಂತೆ. ಗಂಡು ಕೂಸು, ಗಟ್ಟಿಯಾಗಿದೆ. ತಾಯಿಗೆ ಮಾತ್ರ ಮೈ ಸುಡುವ ಬಾಣಂತಿ ಜ್ವರ. ಗಂಡ ಬಸಣ್ಣನಿಗೆ ದುರ್ಗದಬೈಲಿನಲ್ಲಿ ಅರಳೆ-ಕಾಳಿನ ಅಂಗಡಿ. ಟಾಂಗಾದಿಂದ ಎತ್ತಿಕೊಂಡು ಬಂದವನು ಅವನು, ಹುಕುಂ ಎಲ್ಲ ಅವನ ತಾಯಿ ಚನ್ನಬಸವ್ವನದು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಬೀಗದಕೈ ಗೊಂಚಲು. ಬಂದವಳೇ ಸೊಸೆಯ ಮಂಚದ ಮಗ್ಗುಲಲ್ಲಿ ಚಾಪೆ ಹಾಸಿದಳು.

ನನ್ನ ಹೆಸರು ಕೇಳಿದಳು. ಸಾವಕ್ಕ ಅಂದೆ.

"ಅಯ್ಯ ಶಿವನ! ದವಾಖಾನ್ಯಾಗ ಇದೆಂಥಾ ಹೆಸರವಾ. ಬ್ಯಾರೆ ಇಲ್ಲೇನು?"

ಸಾವಂತ್ರಿ ಅಂತ ಇಟ್ಟದ್ದು, ಕರೆಯುತ್ತ ಕರೆಯುತ್ತ ಹೀಗಾಯಿತು ಅಂದೆ. ವಾರ್ಡೆಲ್ಲ ನಕ್ಕಿತು. ಆ ಹುಡುಗಿಯೂ ಜ್ವರದಲ್ಲೇ ತುಟಿ ಅರಳಿಸಿದಳು. ಇನ್ನು ಮುಂದೆ ನಾನು ಸಾವಂತ್ರಿ ಬಾಯಾರು. ಆಗಲಿ, ಛಲೋ ಆಯಿತು.

೪, ಬುಧವಾರ

ಡಾಕ್ಟರ್ ಸಲ್ಫಾ ಗುಳಿಗೆ ಶುರು ಮಾಡಿದರು. ಸಿಗುವುದೇ ಕಷ್ಟ, ಎಲ್ಲ ಯುದ್ಧಕ್ಕೆ, ಪಲ್ಟನ್ನಿಗೆ ಹೋಗುತ್ತದೆ. ಸಿಸ್ಟರ್ ನಮ್ಮನ್ನೆಲ್ಲ ಮಂಚದ ಸುತ್ತ ನಿಲ್ಲಿಸಿ ಪಾಠ ಮಾಡಿದರು. ಜ್ವರ ಇಳಿಯುತ್ತದೆ, ಖರೆ. ಆದರೆ ಮೈಯಲ್ಲಿ ನೀರು ಸಾಲದಿದ್ದರೆ ಇದೇ ಗುಳಿಗೆ ಮೂತ್ರಪಿಂಡದಲ್ಲಿ ಉಸುಕಿನ ಹಾಗೆ ಕೂತು ದಾರಿ ಕಟ್ಟುತ್ತದೆ. ತಾಸಿಗೊಂದು ಲೋಟ ನೀರು. ಮೂತ್ರ ಕಡಿಮೆಯಾದರೆ, ಕೆಂಪಾದರೆ, ಸೊಂಟ ನೋವು ಅಂದರೆ — ಗುಳಿಗೆ ನಿಲ್ಲಿಸಿ ನನ್ನನ್ನು ಕರೆಯಿರಿ ಅಂದರು.

ಲೋಟ ಒಯ್ದೆ. ಚನ್ನಬಸವ್ವ ಕೈ ಅಡ್ಡ ಹಿಡಿದಳು.

"ಹಸೀ ಬಾಣಂತಿಗೆ ನೀರಾ? ನಂಜಾಗತೈತ್ರಿ. ಮೈ ಬಾತಕೋತೈತಿ. ನಮ್ಮ ಮನ್ಯಾಗ ಯಾ ಬಾಣಂತಿನೂ ನೀರ ಕುಡದಿಲ್ಲ."

ಗುಳಿಗೆ ನುಂಗಲು ಒಂದು ಗುಟುಕು ಬಿಟ್ಟಳು, ಅಷ್ಟೇ. ಸಿಸ್ಟರ್ ತಿಳಿಸಿ ಹೇಳಿದರು. ಡಾಕ್ಟರ್ ಬೈದರು. ಎಲ್ಲದಕ್ಕೂ "ಹೂನ್ರಿ, ಆಗಲ್ರಿ" ಅಂದಳು. ಅವರು ಆ ಕಡೆ ಹೊರಳಿದರೋ ಇಲ್ಲವೋ, ಲೋಟದ ನೀರು ಕಿಟಕಿಯಾಚೆ.

ಸಿಟ್ಟು ನೆತ್ತಿಗೇರಿತ್ತು. ಆಮೇಲೆ ನೋಡಿದರೆ ಮುದುಕಿ ಸೊಸೆಯ ಕಾಲು ಒತ್ತುತ್ತ ಕೂತಿದ್ದಾಳೆ. ಅತ್ತೆ ಸೊಸೆಯ ಕಾಲು ಒತ್ತುವುದನ್ನು ನಾನು ಕಂಡದ್ದು ಇದೇ ಮೊದಲು. ನಮ್ಮವ್ವನೂ ಅಕ್ಕನ ಬಾಣಂತನದಲ್ಲಿ ನೀರಿನ ಕೊಡ ಮುಟ್ಟಲು ಬಿಟ್ಟಿರಲಿಲ್ಲ. ಯಾವ ಬಾಯಿಂದ ಬೈಯಲಿ?

೫, ಗುರುವಾರ. ಪಂಚಮಿ

ಹಾಸ್ಟೆಲಿನಲ್ಲಿ ಉಂಡಿ ಇಲ್ಲ. ಬೆಲ್ಲಕ್ಕೇ ಗತಿ ಇಲ್ಲ. ಚನ್ನಬಸವ್ವನ ಮನೆಯಿಂದ ಎಳ್ಳುಂಡಿ ಬಂದವು, ನನಗೂ ಕೊಟ್ಟಳು. ಉಂಡಿ ಬಾಯಲ್ಲಿಟ್ಟುಕೊಂಡೇ ಜಗಳಾಡಿದೆ. ಕೊಡ್ರಿ ಅಂತ ನಾನು, ಬ್ಯಾಡ ಅಂತ ಅವಳು. ಕಡೆಗೆ ಅವಳೇ ಅಂದಳು —

"ಔಷಧ ಎಷ್ಟರ ಕೊಡ್ರಿ ಬಾಯಾರ, ನಾ ಒಲ್ಲೆ ಅನ್ನೂದಿಲ್ಲ. ನೀರ ಮಾತ್ರ ಬ್ಯಾಡ."

ಥಟ್ಟನೆ ಹೊಳೆಯಿತು. ನೇರ ಡಿಸ್ಪೆನ್ಸರಿಗೆ. ಕಂಪೌಂಡರ್ ಖಾದರಬಾಷಾ ಮೊದಲು ಒಲ್ಲೆ ಅಂದ, ಆಮೇಲೆ ನಕ್ಕ. ದೊಡ್ಡ ಬಾಟ್ಲಿ. ಕುದಿಸಿ ಆರಿಸಿದ ನೀರು, ಚೂರು ಗುಲಾಬಿ ಬಣ್ಣ, ಎರಡು ಹನಿ ಪೆಪರಮಿಂಟ್. ಕೈ ರೂಢಿಯಂತೆ ಬಾಟ್ಲಿಯ ಮಗ್ಗುಲಿಗೆ ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯನ್ನೂ ಅಂಟಿಸಿಬಿಟ್ಟ. ಕಚ್ಚಿನ ಗುರುತಿಗೊಂದು ಡೋಸ್, ದಿನಕ್ಕೆ ಮೂರು ಹೊತ್ತು, ಎಲ್ಲ ಔಷಧಕ್ಕೂ ಇರುವಂಥದು.

"ಪಟ್ಟಿ ಇಲ್ಲದ್ದಕ್ಕ ಔಷಧ ಅಂತ ಯಾರ ನಂಬ್ತಾರ್ರಿ?" ಅಂದ. ಅದೂ ಖರೆ ಅನ್ನಿಸಿತು.

ಚನ್ನಬಸವ್ವ ಬಾಟ್ಲಿಯನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ಭಾರಿ ಔಷಧಾನ್ರಿ?" ಭಾರಿ ಅಂದೆ. ಒಂದರ ಮೇಲೊಂದು ಲೋಟ ಕುಡಿಸುವಾಗ ಮಾತ್ರ ಗಾಬರಿಯಾದಳು, "ಇಷ್ಟೊಂದು?" ಅಂದಳು. ನಾನಿದ್ದೀನಲ್ಲ, ನೋಡಿಕೊಂಡು ಕೊಡ್ತೀನಿ ಅಂದೆ.

ಸಿಸ್ಟರಿಗೆ ಹೇಳಲಿಲ್ಲ. ಬಣ್ಣದ ನೀರಿನ ಆಟ ಅಂತ ಬೈದಾರು. ಗುಟ್ಟು ಖಾದರಬಾಷಾನಿಗೂ ನನಗೂ ಅಷ್ಟೇ.

೬, ಶುಕ್ರವಾರ

ಜ್ವರ ಇಳಿದಿದೆ! ಮೂತ್ರ ಸರಿಯಾಗಿ ಹೋಗುತ್ತಿದೆ. ಹುಡುಗಿ ಕೂಸನ್ನು ಎದೆಗೆ ಹಾಕಿಕೊಂಡಿದ್ದಳು. ನನಗೆ ನನ್ನ ಬುದ್ಧಿಯ ಮೇಲೆ ಬಹಳ ಅಭಿಮಾನ ಬಂದಿದೆ, ಸುಳ್ಳು ಯಾಕೆ ಹೇಳಲಿ.

ಸಂಜೆ ಮುದುಕಿ ಎರಡು ಸಲ್ಫಾ ಗುಳಿಗೆ ಒಮ್ಮೆಗೇ ಕೊಡ್ರಿ ಅಂತ ಬೆನ್ನು ಹತ್ತಿದಳು. ಲಗೂ ಆರಾಮಾಗಲಿ ಅಂತ. ಸರಿಯಾಗಿ ಬೈದೆ.

"ಔಷಧ ಹೆಚ್ಚಾದ್ರ ವಿಷ ಆಗತೈತ್ರಿ. ಹೇಳಿದಷ್ಟ ಕೊಡಬೇಕು. ಒಂದು ಹನಿ ಮೀರಬಾರದು."

ಹೆದರಿ ಗಲ್ಲಕ್ಕೆ ಬಡಿದುಕೊಂಡಳು. ಸಿಸ್ಟರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಹೀಗೇ ಕಲಿಸಬೇಕು ಅಂದರು.

೭, ಶನಿವಾರ ಸಂಜೆ

ಚಳಿ. ಅಕ್ಷರ ಕುಣಿಯುತ್ತಿವೆ. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಡ್ಯೂಟಿ ಬಿಡಿಸಿ ಕಳಿಸಿದರು. ಬರುವಾಗ ಬಾಟ್ಲಿ ತುಂಬಿಸಿ ಶಿವಲಿಂಗವ್ವನ ತಲೆದೆಸೆಗೆ ಇಟ್ಟೆ. ತಪ್ಪಿಸಬ್ಯಾಡ್ರಿ ಅಂತ ಮುದುಕಿಗೆ ಹೇಳಿದೆ. ನಾಳೆ ಎದ್ದು ಹೋಗ್ತೀ...

೧೦, ಮಂಗಳವಾರ

ಮಲೇರಿಯಾ. ಕ್ವಿನೈನ್ ನುಂಗಿ ನುಂಗಿ ಕಿವಿಯೊಳಗೆ ಗುಂಯ್ ಅನ್ನುತ್ತಿದೆ. ಬಾಯೆಲ್ಲ ಕಹಿ. ಕುಡಿದಷ್ಟೂ ನೀರು ಬೇಕು.

ರೂಮಿನ ದೇವಕ್ಕ ವಾರ್ಡಿನಿಂದ ಬಂದಳು. ಶಿವಲಿಂಗವ್ವ ಹೇಗಿದ್ದಾಳೆ ಅಂದೆ. ಜ್ವರ ಇಲ್ಲ, ಸುಮ್ಮನೆ ಮಲಗಿರುತ್ತಾಳೆ ಅಂದಳು. ಬಾಟ್ಲಿಯ ವಿಷಯ ಹೇಳಬೇಕು ಅಂದುಕೊಂಡೆ. ನಿದ್ದೆ ಬಂತು.

೧೨, ಗುರುವಾರ

ಇವತ್ತು ಎದ್ದು ಹೋದೆ.

ಮುಖ ಬಾತಿದೆ. ವಾಂತಿ. ಕರೆದರೆ ಕಣ್ಣು ಬಿಡುತ್ತಾಳೆ, ಮತ್ತೆ ಮುಚ್ಚುತ್ತಾಳೆ. ನಿನ್ನೆಯಿಂದ ಮೂತ್ರ ಇಲ್ಲ. ಬೆಳಿಗ್ಗೆಯೇ ಗುಳಿಗೆ ನಿಲ್ಲಿಸಿದ್ದರು, ಸಲೈನ್ ಹಚ್ಚಿದ್ದರು. ಡಾಕ್ಟರ್ ಯಾರ ಮುಖವನ್ನೂ ನೋಡುತ್ತಿಲ್ಲ.

ಬಾಟ್ಲಿ ನಾನು ಇಟ್ಟಲ್ಲೇ ಇತ್ತು. ಅದೇ ಬಾಟ್ಲಿ. ಇಷ್ಟು ದಿನಕ್ಕೂ ಪೂರ್ತಿ ತೀರಿಲ್ಲ.

ಚನ್ನಬಸವ್ವ ನನ್ನನ್ನು ಕಂಡು ಅತ್ತಳು. "ಸಾವಂತ್ರಿ ಬಾಯಾರ, ನೀವಿಲ್ಲಂದ್ರೂ ನಾ ತಪ್ಪಿಸಿಲ್ರಿ. ಪಟ್ಟಿ ನೋಡೇ ಕೊಟ್ಟೀನಿ. ಒಂದು ಗುರುತು, ಮೂರು ಹೊತ್ತು. ಒಂದು ಹನಿ ಹೆಚ್ಚಿಲ್ಲ."

ಮೂತ್ರ ಕೆಂಪಾಗಿತ್ತೇ ಅಂತ ಕೇಳಿದೆ. ಆಗಿತ್ತಂತೆ. ಬಾಣಂತಿ ಮೈ, ರಕ್ತ ಹೋಗತಿರತೈತಿ ಅಂತ ಯಾರಿಗೂ ಹೇಳಲಿಲ್ಲವಂತೆ.

ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಿವಿಯಲ್ಲಿ ಗುಂಯ್ ಗುಂಯ್. ಬರೀ ಲೋಟದ ನೀರಾಗಿದ್ದರೆ ಮುದುಕಿ ಕಿಟಕಿಯಿಂದ ಚೆಲ್ಲುತ್ತಿದ್ದಳು. ನಾನು ಜಗಳಾಡುತ್ತಿದ್ದೆ, ಸಿಸ್ಟರ್ ಜಗಳಾಡುತ್ತಿದ್ದರು, ನೀರು ಹೋಗಿಲ್ಲ ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ನಾನದನ್ನು ಔಷಧ ಮಾಡಿದೆ. ಔಷಧ ಅಂದಮೇಲೆ ಅವಳು ಅಳೆದು ಕೊಟ್ಟಳು. ನಾನೇ ಕಲಿಸಿದ ಹಾಗೆ.

೧೪, ಶನಿವಾರ

ಹೋದಳು. ಮುಂಜಾನೆ.

ಬಸಣ್ಣ ವರಾಂಡದಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ. ಹೇಗೆ ಹಿಡಿಯಬೇಕೋ ಅವನಿಗೆ ತಿಳಿಯದು. ಕತ್ತು ಜೋಲುತ್ತಿತ್ತು. ಹೋಗಿ ಸರಿಮಾಡಿದೆ. "ಉಪಕಾರಾತ್ರಿ" ಅಂದ.

ಉಪಕಾರ.

೧೬, ಸೋಮವಾರ

ಸಿಸ್ಟರ್ ಮುಂದೆ ಎಲ್ಲ ಹೇಳಿದೆ. ಖಾದರಬಾಷಾನ ಹೆಸರು ಬಿಟ್ಟೆ. ಅವನು ತಾನೇ ಬಂದು ಹೇಳಿದನಂತೆ.

ಕೂಗಾಡಲಿಲ್ಲ ಅವರು. ಕುರ್ಚಿಯಲ್ಲಿ ಕುಸಿದು ಕೂತರು. "ನೀ ಮಾಡಿದ್ದು ತಪ್ಪು ಅನ್ನಲಾರೆ, ಸಾವಕ್ಕ. ನನಗ ಯಾಕ ಹೇಳಲಿಲ್ಲ? ಒಂದು ಮಾತು ಹೇಳಿದ್ರ ರಾತ್ರಿ ಪಾಳಿಯಾಕಿಗೂ ಗೊತ್ತಿರತಿತ್ತು."

ಮುದುಕಿಯನ್ನು ನೀರಿಗೆ ಒಪ್ಪಿಸಿದೆ ಅಂತ ಹೊಗಳುತ್ತಿದ್ದರಲ್ಲ ಎಲ್ಲರೂ. ಅದು ಹಿತವಾಗಿತ್ತು.

ಮುದುಕಿಗೆ ಮಾತ್ರ ಹೇಳಬೇಡ ಅಂದರು. "ತಾಳಾಂಗಿಲ್ಲ ಆಕಿ." ಹೂಂ ಅಂದೆ.

೨೬, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಏನು ಬರೆಯಲಿ.

ಇವತ್ತು ಚನ್ನಬಸವ್ವ ಬಂದಿದ್ದಳು, ಕೂಸಿನ ತೂಕಕ್ಕೆ. ಆಕಳ ಹಾಲು ಒಗ್ಗಿದೆಯಂತೆ, ಗಲ್ಲ ತುಂಬಿವೆ. ನನ್ನನ್ನು ಹುಡುಕಿಕೊಂಡು ವಾರ್ಡಿನ ಹಿಂದಿನ ಕಟ್ಟೆಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಛಲೋ ಇತ್ತು. ಮಗ್ಗುಲಲ್ಲೇ ಕೂತಳು.

"ಬಾಯಾರ, ನೀವು ಕುಡಿಸಿದಾಗ ಆಕಿ ಗೆಲುವಾಗಿದ್ಲು. ಆ ಗುಲಾಬಿ ಔಷಧದಾಗ ಗುಣ ಇತ್ರಿ. ನನ್ನ ಕೈಗುಣ ಸರಿ ಇಲ್ಲ. ಸಣ್ಣ ಸೊಸಿಗೆ ಈಗ ದಿನ ತುಂಬ್ಯಾವ. ಆಕಿಗೂ ಜ್ವರಾ ಬಂದ್ರ ಇರಲಿ ಅಂತ... ಅದರ ಹೆಸರ ಹೇಳ್ರಿ. ಮುಂಬಯಿಂದಾದ್ರೂ ತರಸ್ತಾನ ಬಸಣ್ಣ."

ಸಿಸ್ಟರ್ ಮಾತು ನೆನಪಿತ್ತು. ಸುಮ್ಮನೆ ಎದ್ದು ಬಂದುಬಿಡಬಹುದಿತ್ತು. ಆದರೆ ಇನ್ನೊಬ್ಬ ಹುಡುಗಿ ಇದ್ದಾಳಲ್ಲ ಆ ಮನೆಯಲ್ಲಿ.

"ನೀರು," ಅಂದೆ.

"ಯಾ ನೀರ?"

"ಬರೇ ನೀರವಾ. ನಾವು ನೀವು ಕುಡಿಯೂ ನೀರ. ನೀವು ಒಲ್ಲೆ ಅಂದ್ರಿ ಅಂತ ನಾನ ಬಣ್ಣಾ ಹಾಕಿಸಿದ್ದೆ. ಬೇಕಾದಷ್ಟು ಕುಡೀಬೇಕಿತ್ತು ಆಕಿ. ಅಷ್ಟು ಗುಳಿಗಿಗೆ ಅಷ್ಟು ನೀರ ಬೇಕಿತ್ತು. ನಿಮ್ಮ ತಪ್ಪಲ್ಲ. ನಾ ಹೇಳಲಿಲ್ಲ."

ಚೇಷ್ಟೆ ಅಂದುಕೊಂಡಳು ಮೊದಲು. ಆಮೇಲೆ ನನ್ನ ಮುಖ ನೋಡಿದಳು. ಕೂಸಿನ ಕುಲಾಯಿ ಬಿಚ್ಚಿದಳು, ಮತ್ತೆ ಕಟ್ಟಿದಳು.

"ಕಡೀಕ ಆಕಿ ನೀರ ಬೇಡತಿದ್ಲರಿ," ಅಂದಳು. "ಅತ್ತೀ ಅನ್ನೂದು ಬಿಟ್ಟು ಯವ್ವಾ, ಯವ್ವಾ ಅಂತ ಕೈ ಹಿಡಕೊಂಡು ಬೇಡಿದ್ಲು. ಬಾಟ್ಲಿ ನನ್ನ ಕೈಯಾಗ ಇತ್ತು. ತಡಿ ನನ ಕೂಸ, ಔಷಧದ ಹೊತ್ತಾಗಲಿ ಅಂದೆ..."

ನಾನು ಅವಳ ತೊಡೆಯ ಮೇಲಿನ ಕೂಸನ್ನು ಎತ್ತಿಕೊಂಡೆ.