ಸೇತುವೆಯಾಚೆ ಉಳಿದುಹೋದ ಅಮ್ಮ

ಜೂನ್ 3, ಸೋಮವಾರ

ಇದು ಅನ್ಯಾಯ. ಮಗಳ ಬಾಣಂತನಕ್ಕೆ ಹೊರಟ ತಾಯಿಯನ್ನು ಸೇತುವೆಯಿಂದ ವಾಪಸು ಕಳಿಸಿದ್ದಾರೆ.

ಅಕ್ಕನನ್ನು ಕೊಟ್ಟಿರುವುದು ಹೊಳೆಯಾಚೆ. ಆಚೆ ಎಂದರೆ ಬೇರೆ ದೇಶ — ಮನೆಯಿಂದ ನಡೆದೇ ಹೋಗಬಹುದು. ಹೆರಿಗೆಗೆ ಹದಿನೈದಕ್ಕೆ ಡೇಟ್ ಕೊಟ್ಟಿದ್ದಾರೆ. ಆಚೆ ತುದಿಯ ಗೇಟಿನಲ್ಲಿ ಮೊದಲೇ ಇದ್ದ ಹೆಬ್ಬೆಟ್ಟಿನ ಮೆಷಿನ್ ಈಗ ಈಚೆ ನಮ್ಮ ಗೇಟಿಗೂ ಬಂದಿದೆ. ಎರಡೂ ದೇಶ ಸೇರಿ ಹಾಕಿದ್ದಂತೆ. ಮೇಲೆ ಕೈಕುಲುಕುವ ಚಿತ್ರದ ಬ್ಯಾನರ್. ಅಮ್ಮ ಹೆಬ್ಬೆಟ್ಟು ಒತ್ತಿದಳು. ಕೆಂಪು ದೀಪ.

ಅಧಿಕಾರಿ ಪರದೆ ನೋಡಿದ. ಅಮ್ಮನನ್ನು ನೋಡಿದ. "ನೀವು ಆಚೆ ಇದ್ದೀರಲ್ಲಮ್ಮ."

"ಅಲ್ಲಿದ್ದಿದ್ರೆ ಇಷ್ಟೊತ್ತಿಗೆ ಮಗಳಿಗೆ ಬಿಸಿನೀರು ಕಾಯಿಸಿ ಕೊಡ್ತಿದ್ದೆ ಕಣಪ್ಪ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಜೂನ್ 4

ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಮನಸ್ಸಿಲ್ಲ. ಮಧ್ಯಾಹ್ನ ಕನ್ನಡಕ ಬಂದ — ನಾವೆಲ್ಲ ಅವನನ್ನು ಕರೆಯುವುದೇ ಹಾಗೆ. ನಮ್ಮ ಹೋರಾಟದ ಗುಂಪಿಗೆ ಅವನೇ ತಲೆ. ನಿರ್ಧಾರ ಆಯಿತು: ಹದಿಮೂರು, ಗುರುವಾರ, ಬೆಳಿಗ್ಗೆ ಹತ್ತಕ್ಕೆ ಸೇತುವೆಯ ಮೇಲೆ ಧರಣಿ. ಅಲ್ಲಿಯವರೆಗೆ ಯಾರಿಗೂ ಬಾಯಿ ಬಿಡಬಾರದು. ಕರಪತ್ರ ಬರೆಯುವುದು ನಾನು. ಈ ಅಂಗಡಿಗೆ ಬರುವ ಕರಪತ್ರಗಳನ್ನೆಲ್ಲ ಓದಿ ಓದಿಯೇ ತಾನೆ ಬೆಳೆದದ್ದು.

ಮೊದಲ ಸಾಲು — ಮೆಷಿನ್ ತೊಲಗಲಿ, ಮನುಷ್ಯ ಬರಲಿ!

ಮನೆಗೆ ಬಂದು ಅಮ್ಮನಿಗೆ ಓದಿ ಹೇಳಿದೆ.

"ಯಾವ ಮನುಷ್ಯ? ಮೆಷಿನ್ ಬರೋಕೆ ಮುಂಚೆ ನಮ್ಮ ಗೇಟಲ್ಲಿ ನನ್ನ ಚೀಲ ನೆಲಕ್ಕೆ ಸುರಿದು ಬಟ್ಟೆ ಒಂದೊಂದೇ ಕೊಡವಿ ನೋಡ್ತಿದ್ನಲ್ಲ, ಅವನಾ? ಆಚೆ ಕಡೆ ಮೆಷಿನ್ನು ಒಂದಿನಾನೂ ನನ್ನ 'ಏಯ್' ಅಂದಿಲ್ಲ ಕಣೇ."

ಆ ಸಾಲು ಹೊಡೆದುಹಾಕಿದೆ. ಬೇರೆ ಸಾಲು ಹೊಳೆಯಲಿಲ್ಲ. ಮತ್ತೆ ಅದನ್ನೇ ಬರೆದೆ.

ಜೂನ್ 7, ಶುಕ್ರವಾರ

ಆದದ್ದೇನೆಂದು ತಿಳಿಯಿತು. ಕಳೆದ ಸಲ ಅಮ್ಮ ವಾಪಸು ಬರುವಾಗ ಆಚೆ ಗೇಟಿನಲ್ಲಿ ಕರೆಂಟ್ ಇರಲಿಲ್ಲ. ಕೆಟ್ಟ ಬಿಸಿಲು. ಅಲ್ಲಿದ್ದ ಪೇದೆ "ಸುಮ್ನೆ ಹೋಗಿ ಅಮ್ಮ, ಯಾಕೆ ಒಣಗ್ತೀರಿ" ಎಂದನಂತೆ. ಈಚೆ ಆಗಿನ್ನೂ ಮೆಷಿನ್ನೇ ಇಲ್ಲ. ಹೀಗಾಗಿ ಹೋದದ್ದು ಆಚೆಯ ಮೆಷಿನ್ನಿನಲ್ಲಿ ದಾಖಲಾಗಿದೆ, ಬಂದದ್ದು ಇಲ್ಲ. ಕಂಪ್ಯೂಟರಿನ ಪಾಲಿಗೆ ಅಮ್ಮ ಇನ್ನೂ ಅಲ್ಲೇ.

ಅಂದರೆ ತಪ್ಪು ಮಾಡಿದ್ದು ಒಬ್ಬನ ಕರುಣೆ. ಕರುಣೆಗೆ ಧಿಕ್ಕಾರ ಕೂಗುವುದೇ? ಯಾವ ಕರಪತ್ರದಲ್ಲೂ ಇದಕ್ಕೆ ಉತ್ತರ ಇಲ್ಲ…

ಅಧಿಕಾರಿಯ ಹತ್ತಿರ ಹೋದೆ. "ಆಚೆಯವರಿಗೆ ಫೋನ್ ಮಾಡಿ ಹೇಳಿ" ಎಂದೆ.

"ಹೇಳಿದೆ. ನಿಮ್ಮಮ್ಮನೇ ಎದುರಿಗೆ ಬಂದು ಹೆಬ್ಬೆಟ್ಟು ಒತ್ತಬೇಕಂತೆ."

"ಅಲ್ಲಿಗೆ ಹೋಗೋಕೇ ನೀವು ಬಿಡ್ತಿಲ್ವಲ್ರೀ!"

"ನಾನೂ ಅದನ್ನೇ ಅಂದೆ" ಎಂದು ಕುರ್ಚಿ ಎಳೆದುಕೊಟ್ಟ. ಬೈಯಲೆಂದೇ ಹೋಗಿದ್ದೆ. ಕೂತುಬಿಟ್ಟೆ.

ಜೂನ್ 11, ಮಂಗಳವಾರ

ಅಧಿಕಾರಿ ಅಂಗಡಿಗೇ ಬಂದ. ದಾರಿ ಸಿಕ್ಕಿದೆಯಂತೆ. ತಿಂಗಳಿಗೊಮ್ಮೆ ಎರಡೂ ಕಡೆಯವರು ಸೇತುವೆಯ ನಡುವೆ ಸೇರಿ ಲೆಕ್ಕ ತಾಳೆ ನೋಡುತ್ತಾರೆ. ಆಚೆಯವರು ಕೈಯಲ್ಲಿ ಹಿಡಿಯುವ ಮೆಷಿನ್ ತರುತ್ತಾರೆ.

"ಅಮ್ಮನ್ನ ಕರ್ಕೊಂಡು ಬನ್ನಿ. ಅಲ್ಲೇ ಒಂದ್ಸಲ ಒತ್ತಿದ್ರೆ ಬಂದ ಹಾಗಾಯ್ತು, ಇನ್ನೊಂದ್ಸಲ ಒತ್ತಿದ್ರೆ ಹೋದ ಹಾಗಾಯ್ತು. ಗುರುವಾರ ಹನ್ನೊಂದಕ್ಕೆ. ತಪ್ಪಿದ್ರೆ ಮುಂದಿನ ತಿಂಗಳೇ."

ನನ್ನ ಬೆನ್ನ ಹಿಂದೆ ಗುರುವಾರದ ಕರಪತ್ರಗಳು ಒಂದೊಂದೇ ಹೊರಬೀಳುತ್ತಿದ್ದವು. ಬಿಸಿಬಿಸಿ. ಅಡ್ಡ ನಿಂತೆ. ಥ್ಯಾಂಕ್ಸ್ ಎಂದೆ — ಅವನಿಗೆ!

ಅಮ್ಮನಿಗೆ ಖುಷಿಯೋ ಖುಷಿ. "ಆ ಕಡೆ ಒಬ್ಬ ಸಾಹೇಬ, ಈ ಕಡೆ ಒಬ್ಬ ಸಾಹೇಬ, ನಡುವೆ ನಾನು. ನಿಮ್ಮಪ್ಪನ್ನ ಮದುವೆಯಾದಾಗ್ಲೂ ಇಷ್ಟು ಮರ್ಯಾದೆ ಸಿಕ್ಕಿರ್ಲಿಲ್ಲ."

ಜೂನ್ 12, ಬುಧವಾರ

ಅಧಿಕಾರಿ ಕುರ್ಚಿ ಕೊಟ್ಟದ್ದು, ಹನ್ನೊಂದಕ್ಕೆ ಸೇತುವೆಗೆ ಕರೆದದ್ದು ಎಲ್ಲ ತಿಳಿಸಿ, ಧರಣಿ ಒಂದು ದಿನ ಮುಂದಕ್ಕೆ ಹಾಕೋಣ ಎಂದೆ. ಕನ್ನಡಕ ಮುಖ ಸಿಂಡರಿಸಿದ. "ನಿಮ್ಮಮ್ಮ ಒಬ್ಬರಿಗೋಸ್ಕರನಾ?"

"ಕರಪತ್ರದಲ್ಲಿ ಇರೋದು ಅವಳ ಕಥೆನೇ ಅಲ್ವೇನೋ?"

"ಅವರ ಹಾಗೆ ಗೇಟಲ್ಲಿ ಸಿಕ್ಕಿಹಾಕಿಕೊಂಡೋರು ಎಷ್ಟು ಜನ ಇದ್ದಾರೆ ಗೊತ್ತಾ? ಅವರಿಗೆಲ್ಲ ಯಾವ ಸಾಹೇಬ ಕುರ್ಚಿ ಕೊಟ್ಟ?"

ಅವನು ಹೇಳುವುದು ಸರಿ. ನಾನು ಕೇಳುವುದೂ ಸರಿ. ಎರಡೂ ಹೇಗೆ ಸರಿ?

ಅಕ್ಕ ಫೋನ್ ಮಾಡಿದ್ದಳು. "ಅಮ್ಮ ಬರ್ತಾಳೆ ತಾನೆ? ನಂಗೆ ಹೆದರಿಕೆ ಆಗ್ತಿದೆ ಕಣೇ." ಬರ್ತಾಳೆ ಎಂದೆ. ಯಾವ ಬಾಯಲ್ಲಿ ಎಂದೆನೋ.

ಅದೇ ದಿನ, ಸಂಜೆ

ಗೇಟಿಗೆ ಹೋದೆ. "ಸ್ವಲ್ಪ ಮುಂಚೆ ಆಗಲ್ವಾ?"

"ಯಾಕೆ?"

ಹೇಳಿದರೆ ನಮ್ಮವರಿಗೆ ದ್ರೋಹ. ಹೇಳದಿದ್ದರೆ ಅಕ್ಕನಿಗೆ.

"ಹತ್ತರೊಳಗೆ ಆದ್ರೆ ಸಾಕಾ?" ಎಂದ.

ನಾನು ಹತ್ತು ಎಂದಿರಲಿಲ್ಲ. ಖಂಡಿತ ಎಂದಿರಲಿಲ್ಲ! ಅವನಾಗಲೇ ಆಚೆಯವರಿಗೆ ಫೋನ್ ಹಚ್ಚಿದ್ದ. ನಗುತ್ತಾ, ಬೇಡುತ್ತಾ ಮಾತಾಡಿ ಎಂಟಕ್ಕೆ ಒಪ್ಪಿಸಿದ. ಇವನಿಗೆ ಎಲ್ಲ ಗೊತ್ತೇ? ಗೊತ್ತಿದ್ದರೆ ಪೊಲೀಸರು ಬರುತ್ತಾರೆಯೇ? ಕನ್ನಡಕನನ್ನು ಎಚ್ಚರಿಸಬೇಕು. ಎಚ್ಚರಿಸಿದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾನೆ. ಎನ್ನಲಿ. ಈಗಲೇ ಹೋಗುತ್ತೇನೆ.

ಹತ್ತಕ್ಕೆ ನಾನೂ ಧರಣಿಗೆ ಕೂರುತ್ತೇನೆ. ಕೂರಲೇಬೇಕು. ಅವರು ಸೇರಿಸಿಕೊಂಡರೆ… ಅದಕ್ಕೂ ಮೊದಲು ಅಮ್ಮನ ಕೈ ಹಿಡಿದು ನಿಲ್ಲುತ್ತೇನೆ — ಗುರುವಾರ, ಬೆಳಿಗ್ಗೆ ಎಂಟು ಗಂಟೆ, ಸೇತುವೆಯ ನಡುವೆ.