ಕರಗಿದ ಆಸರೆ

ಚೋವಾ ಚು ಕಾಂಗ್
ಭಾನುವಾರ

ಪ್ರೀತಿಯ ಅಮಿತಾ,

ನಿನ್ನ ಹೊಸ ಮನೆಯ ಗಾಜಿನ ನೇಮ್‌ಪ್ಲೇಟ್ ಈ ಸಲವೂ ಕೆಟ್ಟಿತು. ಎರಡು ತುದಿಗೆ ದಪ್ಪ ಗಾಜಿನ ಪಟ್ಟಿ, ಅವುಗಳ ಮೇಲೆ ಹೆಸರಿನ ಗಾಜು, ನಡುವೆ ಖಾಲಿ ಇರಲಿ ಎಂದಿದ್ದೆಯಲ್ಲ. ಗಾಜು ಬೆಸೆಯುವ ಕುಲುಮೆಯ, ಅಂದರೆ ಕಿಲ್ನ್‌ನ, ಬಿಸಿಗೆ ಆ ಖಾಲಿ ಜಾಗದಲ್ಲಿ ಮೇಲಿನ ಗಾಜು ಜೋತುಬೀಳುತ್ತದೆ. ಅದರ ಅಡಿಗೆ ಪಟ್ಟಿಯಷ್ಟೇ ಎತ್ತರಕ್ಕೆ ಫೈಬರ್ ಪೇಪರ್ ಪೇರಿಸಿಡಬೇಕು. ಅದು ಕರಗುವುದಿಲ್ಲ, ತಣಿದ ಮೇಲೆ ತೆಗೆದುಬಿಡಬಹುದು. ನನ್ನಲ್ಲಿ ಮುಗಿದಿತ್ತು. ತರಲು ಆಂಗ್ ಮೋ ಕಿಯೋದ ಅಂಗಡಿಯವರೆಗೆ ಹೋಗಬೇಕು. ಅತ್ತೆಯನ್ನು ಒಬ್ಬರನ್ನೇ ಬಿಡುವಂತಿಲ್ಲ. ಉಳಿದ ಗಾಜಿನ ತುಂಡುಗಳನ್ನೇ ಆಸರೆಗೆ ಇಟ್ಟೆ. ಬೆಳಿಗ್ಗೆ ನೋಡಿದರೆ ಆಸರೆಯೂ ಕರಗಿ ಅಂಟಿಕೊಂಡಿದೆ. ಬಿಡಿಸಲು ಆಗುವುದಿಲ್ಲ.

ಜಾರಿಬಿದ್ದ ಮೇಲೆ ನಿನ್ನ ಅಮ್ಮ ಬಾತ್‌ರೂಮಿಗೂ ನನ್ನ ಹೆಗಲು ಹಿಡಿದೇ ಹೋಗುತ್ತಾರೆ. ನೋಡಿಕೊಳ್ಳಲು ಒಬ್ಬ ಹೆಲ್ಪರ್ ಇಟ್ಟುಕೊಳ್ಳೋಣ ಎಂದೆ. "ಪ್ರಫುಲ್ಲಾ ಇದ್ದಾಳಲ್ಲ, ಬೇರೆಯವರು ಯಾಕೆ?" ಎಂದರು. ನಿನ್ನಣ್ಣ ಮೊಬೈಲಿನಿಂದ ತಲೆ ಎತ್ತದೆ "ಹೌದಲ್ಲ" ಎಂದರು. ಮೊನ್ನೆ ಅತ್ತೆಯನ್ನು ಎಬ್ಬಿಸುವಾಗ ನನ್ನ ಮೊಣಕಾಲೇ ಕುಸಿಯಿತು. ಇಬ್ಬರೂ ಮಂಚದ ಮೇಲೆಯೇ ಬಿದ್ದೆವು, ಪೆಟ್ಟಾಗಲಿಲ್ಲ. ನಿನ್ನಣ್ಣನಿಗೆ ಹೇಳಿಲ್ಲ.

ಶನಿವಾರ ಹೌಗಾಂಗ್‌ನಿಂದ ಬರುವಾಗ ದಾರಿಯಲ್ಲಿ ಆಂಗ್ ಮೋ ಕಿಯೋದಲ್ಲಿ ಇಳಿದು ಫೈಬರ್ ಪೇಪರ್ ತೆಗೆದುಕೊಂಡು ಬಾ. ಹಣ್ಣು ತರಬೇಡ, ಕಳೆದ ಸಲ ನೀನು ತಂದದ್ದೇ ಫ್ರಿಜ್ಜಿನಲ್ಲಿದೆ. ಒಂದು ವಾರಕ್ಕಾಗುವಷ್ಟು ಬಟ್ಟೆ ತಾ. ಅತ್ತೆಯ ಮಂಚದ ಪಕ್ಕ ನಿನಗೆ ಹಾಸಿಗೆ ಹಾಸಿಟ್ಟಿದ್ದೇನೆ.

ನಿನ್ನ ಅತ್ತಿಗೆ,
ಪ್ರಫುಲ್ಲಾ